ಡಿಗ್‌ಗೆ ಸಿಗುವ ಹೆಸರು ಗೆಟ್‌ಎಂಟ್‌ಗೆ ಸಿಗದಾಗ: ತೋಟದ ಮೇಲ್ ಸರ್ವರ್ ಕೆಲಸ

ಜುಲೈ 9, ಬುಧವಾರ

ಆಲ್ದೂರಿನ ಹತ್ತಿರ ಭಾವನ ತೋಟದಲ್ಲಿ ಮಳೆಗಾಲ ಬಂತೆಂದರೆ ಮರ ಬಿದ್ದು ಕೇಬಲ್ ಕಡಿಯುತ್ತದೆ. ಹೊರಗಿನ ಇಂಟರ್ನೆಟ್ ಸತ್ತರೂ ಆಫೀಸು, ಗೋಡೌನು, ಮನೆಯ ನಡುವೆ ಮೇಲ್ ಓಡಾಡಲಿ ಅಂತಲೇ ಈ ಮೇಲ್ ಸರ್ವರನ್ನು ಕಟ್ಟಿದ್ದು. ಒಂದು ಯಂತ್ರದ ಹೆಸರು ಅಂಚೆ, ಅದರಲ್ಲಿ ಡೆಬಿಯನ್ ಲಿನಕ್ಸ್ ಮೇಲೆ ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್. ಇನ್ನೊಂದು ಕೋಶ, ಅದರಲ್ಲಿ ಬಳಕೆದಾರರ ಪಟ್ಟಿ ಇಡುವ ಎಲ್‌ಡ್ಯಾಪ್ ಸರ್ವರ್ ಓಪನ್‌ಎಲ್‌ಡ್ಯಾಪ್ ಮತ್ತು ಮೇಲ್‌ಪೆಟ್ಟಿಗೆ ನೋಡಿಕೊಳ್ಳುವ ಡವ್‌ಕಾಟ್. ಈ ವಿಳಾಸದವರು ನಮ್ಮಲ್ಲಿದ್ದಾರಾ ಅಂತ ಅಂಚೆ ಕೇಳುವುದು ಕೋಶವನ್ನೇ; ಇದ್ದಾರೆ ಅಂದರೆ ಮೇಲ್ ಕಳಿಸುವುದೂ ಕೋಶಕ್ಕೇ.

ಭಾನುವಾರ ಸಂಜೆಯಿಂದ ತೋಟದ ಲೆಕ್ಕ ಬರೆಯುವ ರೈಟರ ಹಾಜರಿ ಪಟ್ಟಿ ಔಟ್‌ಬಾಕ್ಸ್ ಬಿಟ್ಟು ಹೋಗುತ್ತಿಲ್ಲ. "ಸಾರ್, ಮೂರು ದಿನದ್ದು ಹಂಗೇ ಕೂತಿದೆ" ಅಂದರು. ಪರದೆ ಮೇಲೆ 451 4.3.0, ಟೆಂಪರರಿ ಲುಕಪ್ ಫೇಲ್ಯೂರ್, ಅಂದರೆ ಹುಡುಕಾಟ ಸದ್ಯಕ್ಕೆ ಸೋತಿದೆ. ಲಾಗ್‌ನಲ್ಲಿ ಎಲ್‌ಡ್ಯಾಪ್ ಸರ್ವರ್ ಸಿಗುತ್ತಿಲ್ಲ ಎಂಬ ದೂರು. ಕೋಶ ನೋಡಿದರೆ ಆರಾಮಾಗಿ ಓಡುತ್ತಿದೆ.

ತಲೆ ಕೆಡಿಸಿದ್ದು ಬೇರೆ ಸಂಗತಿ. ಪರೀಕ್ಷೆಗೆ ಅಂತ ನನ್ನ ವಿಳಾಸವನ್ನು ಮಾತ್ರ ಅಂಚೆಯ ಸಾದಾ ಫೈಲಿನಲ್ಲಿ ಬರೆದಿಟ್ಟಿದ್ದೆ. ಆ ವಿಳಾಸಕ್ಕೆ ಕಳಿಸಿದ ಮೇಲ್ ಕೋಶಕ್ಕೆ ಸಲೀಸಾಗಿ ತಲುಪಿತು! ಅದೇ ಅಂಚೆ, ಅದೇ ಹೆಸರು. ತಲುಪಿಸುವಾಗ ಕೋಶ ಸಿಗುತ್ತದೆ, ಕೇಳುವಾಗ ಸಿಗುವುದಿಲ್ಲ.

ಜುಲೈ 10, ಗುರುವಾರ

ರಾತ್ರಿ ಹನ್ನೊಂದಕ್ಕೆ ಎರಡು ಟರ್ಮಿನಲ್ ಅಕ್ಕಪಕ್ಕ ಇಟ್ಟುಕೊಂಡೆ. ಎಡಗಡೆ ಹೆಸರಿಗೆ ಐಪಿ ವಿಳಾಸ ಹುಡುಕುವ ಡಿಗ್ ಆದೇಶದಲ್ಲಿ ಕೋಶದ ಪೂರ್ತಿ ಹೆಸರು ಕೋಶ.ಲೋಕಲ್ ಕೇಳಿದೆ, ಐಪಿ ತಕ್ಷಣ ಬಂತು. ಬಲಗಡೆ ಐಪಿ ಹುಡುಕುವ ಇನ್ನೊಂದು ಆದೇಶ, ಗೆಟ್‌ಎಂಟ್ ಹೋಸ್ಟ್ಸ್ ಅಂತ ಅದೇ ಹೆಸರು ಕೊಟ್ಟೆ. ಏನೂ ಬರಲಿಲ್ಲ, ಖಾಲಿ ಸಾಲು.

ಡಿಗ್ ನೇರ ಡಿಎನ್‌ಎಸ್ ಸರ್ವರನ್ನೇ, ಅಂದರೆ ಹೆಸರಿಗೆ ಐಪಿ ಹೇಳುವ ಸರ್ವರನ್ನೇ ಕೇಳುತ್ತದೆ. ಗೆಟ್‌ಎಂಟ್, ಹೆಸರನ್ನು ಎಲ್ಲೆಲ್ಲಿ ಹುಡುಕಬೇಕು ಅಂತ ಬರೆದಿರುವ ಎನ್‌ಎಸ್‌ಸ್ವಿಚ್ ಕಡತ ಹೇಳಿದ ಸರದಿಯಲ್ಲಿ ಹೋಗುತ್ತದೆ. ಪೋಸ್ಟ್‌ಫಿಕ್ಸ್ ಒಳಗೂ ಹೀಗೇ ಎರಡು ದಾರಿ ಇವೆ. ಮೇಲ್ ತಲುಪಿಸುವ ಭಾಗ, ನಾವು ಬದಲಿಸದ ಹೊರತು, ಡಿಎನ್‌ಎಸ್ ಬಿಟ್ಟು ಬೇರೆ ಕಡೆ ನೋಡುವುದಿಲ್ಲ. ಎಲ್‌ಡ್ಯಾಪ್ ಕೇಳುವ ಭಾಗ ಸಿಸ್ಟಮ್ಮಿನ ಸರದಿಯನ್ನು ಪಾಲಿಸುತ್ತದೆ.

ಆ ಕಡತದ ಹೋಸ್ಟ್ಸ್ ಸಾಲಿನಲ್ಲಿ ಡಿಎನ್‌ಎಸ್‌ಗಿಂತ ಮುಂದೆ ಎಂಡಿಎನ್‌ಎಸ್ (ಸರ್ವರ್ ಬಿಟ್ಟು ಯಂತ್ರಗಳನ್ನೇ ಹೆಸರು ಕೇಳುವ ವಿಧಾನ) ಬಂದು ಕೂತಿತ್ತು, ಪಕ್ಕದಲ್ಲೇ 'ಸಿಗದಿದ್ದರೆ ಅಲ್ಲಿಂದಲೇ ವಾಪಸ್' ಎಂಬ ಸೂಚನೆ. ನಾನು ಬರೆದದ್ದಲ್ಲ. ಭಾನುವಾರ ಮಧ್ಯಾಹ್ನ ಅಂಚೆಗೆ ಪ್ರಿಂಟರ್ ಹಾಕಿದ್ದೆ, ಅದರ ಜೊತೆ ಎಂಡಿಎನ್‌ಎಸ್ ನಡೆಸುವ ಅವಾಹಿ ಬಂತು, ಅದರ ಹಿಂದೆ ಈ ಸಾಲು. ಲೋಕಲ್ ಎಂದು ಮುಗಿಯುವ ಹೆಸರನ್ನೆಲ್ಲ ಅದು ಅಕ್ಕಪಕ್ಕದ ಯಂತ್ರಗಳಿಗೇ ಕೂಗಿ ಕೇಳುತ್ತದೆ. ಕೋಶದಲ್ಲಿ ಅವಾಹಿ ಇಲ್ಲ, ಹಾಗಾಗಿ ಉತ್ತರವೂ ಇಲ್ಲ. ಮಾತು ಡಿಎನ್‌ಎಸ್‌ವರೆಗೆ ಹೋಗುವುದೇ ಇಲ್ಲ.

ಸದ್ಯಕ್ಕೆ, ಸರದಿಯಲ್ಲಿ ಎಂಡಿಎನ್‌ಎಸ್‌ಗಿಂತ ಮುಂದಿರುವ ಅಂಚೆಯ ಹೋಸ್ಟ್ಸ್ ಕಡತದಲ್ಲಿ ಕೋಶದ ಐಪಿ ಬರೆದೆ. ಹಾಜರಿ ಪಟ್ಟಿ ಹೋಯಿತು. ಆದರೆ ಇದನ್ನು ಹೀಗೇ ಬಿಡಲು ಮನಸ್ಸಿಲ್ಲ. ನಾಳೆ ಕೋಶದ ಐಪಿ ಬದಲಾದರೆ ಕೇಳುವ ಭಾಗ ಹಳೆಯದಕ್ಕೆ, ತಲುಪಿಸುವ ಭಾಗ ಹೊಸದಕ್ಕೆ ಹೋಗುತ್ತದೆ. ಅದು ಇನ್ನೂ ಕೆಟ್ಟ ಜಗಳ.

ಜುಲೈ 13, ಭಾನುವಾರ

ತಪ್ಪು ಹೆಸರಿನದ್ದೇ. ಲೋಕಲ್ ಅನ್ನು 2013ರಲ್ಲೇ ಇಂಟರ್ನೆಟ್ ನಿಯಮದ ದಾಖಲೆ ಆರ್‌ಎಫ್‌ಸಿ 6762 ಎಂಡಿಎನ್‌ಎಸ್‌ಗೆ ಮೀಸಲಿಟ್ಟಿದೆ. ಮನೆಯ ನೆಟ್‌ವರ್ಕಿಗೆ ಅಂತಲೇ 2018ರಲ್ಲಿ ಆರ್‌ಎಫ್‌ಸಿ 8375 ಹೋಮ್.ಆರ್ಪಾ ಕೊಟ್ಟಿದೆ. ಕೋಶ.ಹೋಮ್.ಆರ್ಪಾ ಅಂತ ಬದಲಿಸಿದೆ. ಆ ಹೆಸರುಗಳನ್ನು ಹೊರಗೆ ಕೇಳಬೇಡ ಅಂತ ನಮ್ಮ ಡಿಎನ್‌ಎಸ್ ಸರ್ವರ್ ಡಿಎನ್‌ಎಸ್‌ಮಾಸ್ಕ್‌ಗೂ ಹೇಳಿದೆ. ಹೋಸ್ಟ್ಸ್ ಕಡತದಲ್ಲಿ ಗುರುವಾರ ಬರೆದ ಸಾಲು ಅಳಿಸಿದೆ. ಈಗ ಡಿಗ್, ಗೆಟ್‌ಎಂಟ್ ಎರಡರದ್ದೂ ಒಂದೇ ಉತ್ತರ.

ಆದರೂ ಎಲ್‌ಡ್ಯಾಪ್ ಮತ್ತೆ ನಿಂತಿತು. ಕೋಶದ ಸರ್ಟಿಫಿಕೇಟಿನಲ್ಲಿ ಹಳೆಯ ಹೆಸರೇ ಇತ್ತು, ಸಂಪರ್ಕವನ್ನು ಭದ್ರ ಮಾಡುವ ಟಿಎಲ್‌ಎಸ್ ಒಪ್ಪಲಿಲ್ಲ. ತಪಾಸಣೆ ಆಫ್ ಮಾಡಿದ್ದರೆ ಒಂದು ನಿಮಿಷದ ಕೆಲಸ, ಮಾಡಲಿಲ್ಲ; ಹೊಸ ಹೆಸರಿಗೆ ಸರ್ಟಿಫಿಕೇಟ್ ಮಾಡಿ ಹಾಕಿದೆ. ಸಂಜೆ ಏಳಕ್ಕೆ ಕರೆಂಟು ಹೋಗಿ ಬಂತು, ಎರಡೂ ಯಂತ್ರ ತಾವಾಗಿ ಎದ್ದವು. ಆಮೇಲೆ ರೈಟರು ಕಳಿಸಿದ ಪಟ್ಟಿ ಭಾವನ ಫೋನಿಗೆ ಬಂತು. ಗೋಡೌನಿನ ಕಂಪ್ಯೂಟರಿನಲ್ಲಿ ಹಳೆಯ ಹೆಸರು ಇನ್ನೂ ಇದೆ, ಅದು ಮುಂದಿನ ವಾರಕ್ಕೆ.