ನಿನ್ನೆಯ ನೀರು

"ಇದಕ್ಕೆ ಎಂತ ಬೇಡ ಮಾರಾಯ್ರೇ. ಒಂದು ಬಾಟ್ಲಿ ನೀರು ಇದ್ರೆ ಸಾಕು."

ಮಂಗಳೂರಿನ ಹಂಪನಕಟ್ಟೆಯ ಹತ್ತಿರ ಸಾಕಲು ಫೈಟರ್ ಮೀನು ಕೊಂಡಾಗ ಅಂಗಡಿಯವರು ಹೇಳಿದ ಈ ಮಾತು ಈ ವಾರವಿಡೀ ತಲೆಯಲ್ಲಿ ತಿರುಗುತ್ತಿದೆ. ಅವರು ಕೆಟ್ಟವರೇನಲ್ಲ. ಮಗಳಿಗೆ ಕಾಳು ಹಾಕುವುದು ಹೇಗೆ ಅಂತ ಎರಡು ಸಲ ತೋರಿಸಿಕೊಟ್ಟರು. ಆದರೆ ಒಂದು ಜೀವವನ್ನು ಮಾರುವಾಗ ಅದರ ಬಗ್ಗೆ ಸರಿಯಾಗಿ ನಾಲ್ಕು ಮಾತು ಹೇಳಬೇಕಿತ್ತು.

ಸೋಮವಾರ ಬೆಳಿಗ್ಗೆ ಮಗಳ ಕಿರುಚಾಟ ಕೇಳಿ ಓಡಿದೆ. ಫೈಟರ್ ಮೀನು ಬಾಟ್ಲಿಯ ತಳದಲ್ಲಿ ಒಂದು ಬದಿಗೆ ವಾಲಿಕೊಂಡಿತ್ತು. ಮೈಯೆಲ್ಲ ಕಡುನೀಲಿ, ರೆಕ್ಕೆಯ ಅಂಚು ಮಾತ್ರ ದಾಸವಾಳದ ಕೆಂಪು. ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತಿದ್ದ ಬಾಲ ಒದ್ದೆ ದಾರದ ಹಾಗೆ ಅಂಟಿಕೊಂಡಿತ್ತು. ಕಿವಿರು ಮಾತ್ರ ಪಟಪಟ ಆಡುತ್ತಿತ್ತು. ಹಿಂದಿನ ರಾತ್ರಿ ನಾನೇ ಹಳೆಯ ನೀರನ್ನೆಲ್ಲ ಚೆಲ್ಲಿ, ನಲ್ಲಿಯಡಿ ಹಿಡಿದು ಹೊಸ ನೀರು ತುಂಬಿಸಿದ್ದೆ. ಎಷ್ಟು ಕ್ಲೀನಾಯ್ತು ಅಂತ ಖುಷಿಯಲ್ಲೇ ಮಲಗಿದ್ದೆ.

ಅತ್ತೆ ಗಂಜಿ ಬಟ್ಟಲು ಬಿಟ್ಟು ಎದ್ದು ಬಂದರು. ಬಾಟ್ಲಿಯ ಬಾಯಿಗೆ ಮೂಗು ತಂದು ಕೇಳಿದರು. "ನೀರು ನಿನ್ನೆದಾ?"

"ಅಲ್ಲ ಅತ್ತೆ, ರಾತ್ರಿ ನಲ್ಲಿಯಿಂದ ಹಿಡಿದದ್ದೇ ಹಾಕಿದ್ದು."

"ಅದಕ್ಕೇ. ಮೂರು ದಿನದಿಂದ ಹೇಳ್ತಾ ಇದ್ದೇನಲ್ಲ, ನೀರಿಗೆ ವಾಸನೆ ಉಂಟು ಅಂತ."

ಹೌದು, ಹೇಳಿದ್ದರು. ನನಗೆ ಎರಡು ಸಲ, ತಮ್ಮ ಮಗನಿಗೆ ಒಂದು ಸಲ. ನನ್ನ ಗಂಡನಿಗಂತೂ ಯಾರು ಏನು ಹೇಳಿದರೂ ಮೊಬೈಲಿನಿಂದ ತಲೆ ಎತ್ತದೆ "ಹ್ಞಾಂ" ಅನ್ನುವ ಅಭ್ಯಾಸ. ನಾನು "ಮಳೆಗಾಲ ಅಲ್ವಾ ಅತ್ತೆ, ಹಾಗೇ" ಅಂದು ಮುಗಿಸಿದ್ದೆ. ನಮ್ಮ ಫ್ಲ್ಯಾಟಿನ ಟ್ಯಾಂಕ್ ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ್ದು ಆಮೇಲೆ ಗೊತ್ತಾಯಿತು. ಆ ಪೌಡರಿನ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ.

ಅತ್ತೆ ತುಳಸಿಗೆಂದು ಭಾನುವಾರ ಬೆಳಿಗ್ಗೆಯೇ ಒಂದು ಕೊಡಪಾನ ನೀರು ಹಿಡಿದು ತೆರೆದಿಟ್ಟಿದ್ದರು. ಗಾಳಿಗೆ ತೆರೆದಿಟ್ಟರೆ ಒಂದು ದಿನದಲ್ಲಿ ಕ್ಲೋರಿನ್ ಹಾರಿಹೋಗುತ್ತದೆ. ಬಾಟ್ಲಿಯಿಂದ ಸ್ವಲ್ಪ ತೆಗೆದು, ಇದನ್ನು ಸ್ವಲ್ಪ ಹಾಕಿ, ಲೋಟ ಲೋಟವಾಗಿ ಬದಲಾಯಿಸಿದೆವು. ಲೋಟ ಹಿಡಿದ ಅತ್ತೆಯ ಕೈ ನನ್ನ ಕಣ್ಣ ಮುಂದೆಯೇ ಇತ್ತು. ಒಣಗಿದ ಚರ್ಮ. ಮೊಣಕೈಯಿಂದ ಮಣಿಕಟ್ಟಿನವರೆಗೆ ಉಗುರಿನಿಂದ ಕೆರೆದ ಬಿಳಿ ಗೆರೆಗಳು.

"ಇದೆಂತ ಅತ್ತೆ?"

"ಸ್ನಾನ ಮಾಡಿದ ಮೇಲೆ ತುರಿಸ್ತದೆ. ಬಿಡು, ನನಗೆಂತ ಆಗುವುದಿಲ್ಲ."

ನನಗೆ ಏನು ಹೇಳಬೇಕೋ ತೋಚಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೀನು ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು ಹೋಯಿತು. ಕಿವಿರಿನ ಜೊತೆಗೆ ಮೇಲಿನ ಗಾಳಿಯನ್ನೇ ಉಸಿರಾಡುವ ಅಂಗವೊಂದು ಅದಕ್ಕೆ ಉಂಟು. ಬಹುಶಃ ಅದರಿಂದಲೇ ಬದುಕಿತು. ಅಂಗಡಿಗಳಲ್ಲಿ ಅದನ್ನು ಪ್ಲಾಸ್ಟಿಕ್ ಲೋಟದಲ್ಲಿ ಇಟ್ಟು ಮಾರುವುದೂ ಇದೇ ಧೈರ್ಯದ ಮೇಲೆ. ಇದರ ಊರು ಥಾಯ್ಲೆಂಡ್. ಅಲ್ಲಿನ ಭತ್ತದ ಗದ್ದೆ, ತೋಡುಗಳ ನಿಂತ ನೀರಿನಲ್ಲಿ ಇರುವ ಮೀನು. 2019ರಲ್ಲಿ ಅಲ್ಲಿನ ಸರ್ಕಾರ ಇದನ್ನು ರಾಷ್ಟ್ರೀಯ ಜಲಚರ ಅಂತ ಘೋಷಿಸಿತು. ಗದ್ದೆಯ ನೀರು ಆಳ ಇಲ್ಲದಿದ್ದರೂ ಎಷ್ಟು ದೂರ ಹರಡಿರುತ್ತದೆ! ಅತ್ತೆಯ ಕಟಪಾಡಿಯ ಮನೆಯೆದುರಿನ ಬೈಲನ್ನು ನೋಡಿದವರಿಗೆ ಗೊತ್ತು. ಬಾಟ್ಲಿಯಲ್ಲಾದರೆ ಅದರ ಹಿಕ್ಕೆ, ತಿನ್ನದೆ ಉಳಿದ ಕಾಳು ಎಲ್ಲ ಅಲ್ಲೇ ಕೊಳೆತು ಅಮೋನಿಯಾ ಆಗುತ್ತದೆ. ಅದು ವಿಷ. ಪಾಪ, ಮೀನು ಎಲ್ಲಿಗೆ ಹೋಗಬೇಕು?

ಅತ್ತೆಯೂ ಹಾಗೇ ಬಂದವರು. ಮಾವ ಹೋದ ಮೇಲೆ ಆ ಬೈಲು, ಬಾವಿಕಟ್ಟೆ ಎಲ್ಲ ಬಿಟ್ಟು ಬಿಜೈಯ ಈ ಎರಡು ಕೋಣೆಯ ಫ್ಲ್ಯಾಟಿಗೆ ಬಂದರು. ಯಾರಾದರೂ ಕೇಳಿದರೆ ನಾನೇ ಹೆಮ್ಮೆಯಿಂದ ಹೇಳುತ್ತಿದ್ದೆ. "ನಮ್ಮ ಅತ್ತೆಗೆ ಎಂತ ಬೇಡ. ಒಂದು ಬಟ್ಟಲು ಗಂಜಿ ಇದ್ರೆ ಸಾಕು." ಅಂಗಡಿಯವರ ಮಾತಿಗೂ ನನ್ನ ಮಾತಿಗೂ ಎಂತ ವ್ಯತ್ಯಾಸ? ಸೋಮವಾರದಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ಬುಧವಾರ 20 ಲೀಟರಿನ ಟ್ಯಾಂಕ್ ತಂದೆವು, ಸಣ್ಣ ಫಿಲ್ಟರ್ ಹಾಕಿದೆವು. ಈಗ ನೀರನ್ನು ಒಂದೇ ಸಲ ಪೂರ್ತಿ ಬದಲಾಯಿಸುವುದಿಲ್ಲ. ಕಾಲು ಭಾಗ ತೆಗೆದು, ಅಷ್ಟೇ ಹಾಕುವುದು. ಕಾಳು ಎರಡೋ ಮೂರೋ, ಜಾಸ್ತಿ ಇಲ್ಲ. ನಮ್ಮೂರಿನ ಸೆಖೆ ಅದಕ್ಕೆ ಒಗ್ಗುತ್ತದೆ. ಅತ್ತೆಯನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ದಾರಿಯಲ್ಲಿ ಅವರು ಊರಿನ ಬಾವಿಯ ಬಗ್ಗೆ ಮಾತಾಡಿದರು, ಹೋಗುವಾಗಲೂ ಬರುವಾಗಲೂ. ಮುಂದಿನ ವಾರ ಕಟಪಾಡಿಗೆ ಹೋಗಿ ನಾಲ್ಕು ದಿನ ಇದ್ದು ಬರುವುದು ಅಂತ ಆಗಿದೆ.

ರಾತ್ರಿ ಮಲಗುವ ಮೊದಲು ಈಗ ಎರಡು ಪಾತ್ರೆಗಳಲ್ಲಿ ನೀರು ಹಿಡಿದು ತೆರೆದಿಡುತ್ತೇನೆ. ಬಕೆಟ್ ಮೀನಿಗೆ, ದೊಡ್ಡ ಹಂಡೆ ಅತ್ತೆಯ ಸ್ನಾನಕ್ಕೆ. ಇವತ್ತು ಬೆಳಿಗ್ಗೆ ಟ್ಯಾಂಕಿಗೆ ನೀರು ಹಾಕಲು ಚೊಂಬು ಎತ್ತಿದ್ದೆ ಅಷ್ಟೇ. ಕೋಣೆಯಿಂದ ಸ್ವರ ಬಂತು.

"ನಿನ್ನೆದಾ?"

"ಹೌದು ಅತ್ತೆ, ನಿನ್ನೆದೇ."