ಪವಿತ್ರ ಗುರುವಾರದ ಹನ್ನೆರಡು ಕುರ್ಚಿಗಳು

ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರದ ಸಂಜೆ, ಯೇಸು ತನ್ನ ಹನ್ನೆರಡು ಶಿಷ್ಯರ ಪಾದ ತೊಳೆದದ್ದರ ನೆನಪಿಗೆ, ಬಲಿಪೂಜೆಯ ನಡುವೆ ಗುರುಗಳು ಭಕ್ತರ ಪಾದ ತೊಳೆಯುವ ವಿಧಿ ಕಥೋಲಿಕರಾದ ನಮಗೆ ಎಷ್ಟು ಪುರಾತನವೆನಿಸುತ್ತದೆಯೆಂದರೆ, ಅದು ಈಗಿನ ರೂಪದಲ್ಲಿ ಊರೂರಿನ ಚರ್ಚುಗಳಿಗೆ ಬಂದದ್ದು 1955ರ ನಂತರ ಎಂದರೆ ಹಲವರು ನಂಬುವುದಿಲ್ಲ. ಅದಕ್ಕೆ ಮೊದಲು ಈ ವಿಧಿ ಹೆಚ್ಚಾಗಿ ಪ್ರಧಾನಾಲಯಗಳಲ್ಲಿ ಮತ್ತು ಮಠಗಳಲ್ಲಿ, ಪೂಜೆಯಿಂದ ಪ್ರತ್ಯೇಕವಾಗಿ ನಡೆಯುತ್ತಿತ್ತು. ಆ ವರ್ಷ ಪೋಪ್ ಹನ್ನೆರಡನೆಯ ಪಿಯುಸ್ ಪವಿತ್ರ ವಾರದ ಆಚರಣೆಗಳನ್ನು ಪರಿಷ್ಕರಿಸಿ, ಪ್ರಬೋಧನೆಯಾದ ಮೇಲೆ ಅದನ್ನು ಪೂಜೆಯೊಳಗೇ ನಡೆಸಲು ಅವಕಾಶ ಕೊಟ್ಟರು. ಹನ್ನೆರಡು ಮಂದಿ ಪುರುಷರನ್ನು ಆರಿಸಬೇಕೆಂದು ಆಗಿನ ನಿಯಮ ಹೇಳಿತು. 1970ರ ಪೂಜಾಗ್ರಂಥ ಸಂಖ್ಯೆಯನ್ನು ಬಿಟ್ಟು ‘ಆಯ್ದ ಪುರುಷರು’ ಎಂದಷ್ಟೇ ಬರೆಯಿತು. ನಮ್ಮ ಚರ್ಚುಗಳಲ್ಲಿ ಮಾತ್ರ ಹನ್ನೆರಡೂ ಉಳಿಯಿತು, ಪುರುಷರೂ ಉಳಿದರು.

ಪುರುಷರೆಂಬ ಮಾತು ಹೋದ ಬಗೆ ವಿಚಿತ್ರವಾಗಿದೆ, ಏಕೆಂದರೆ ಮೊದಲು ಆಚರಣೆ ಬದಲಾಯಿತು, ನಿಯಮ ಹಿಂದಿನಿಂದ ಬಂತು. ಪೋಪ್ ಫ್ರಾನ್ಸಿಸ್ ಆಯ್ಕೆಯಾದ ತಿಂಗಳಲ್ಲೇ, 2013ರ ಮಾರ್ಚ್ 28ರಂದು, ರೋಮಿನ ಬಾಲಾಪರಾಧಿಗಳ ಸೆರೆಮನೆಯೊಂದಕ್ಕೆ ಹೋಗಿ ಹನ್ನೆರಡು ಮಂದಿಯ ಪಾದ ತೊಳೆದರು. ಅವರಲ್ಲಿ ಇಬ್ಬರು ಹುಡುಗಿಯರಿದ್ದರು, ಒಬ್ಬಾಕೆ ಮುಸ್ಲಿಮಳು. ಪುಸ್ತಕದ ನಿಯಮವನ್ನು ಪೋಪರೇ ಮೀರಿದರೆಂದು ಕೆಲವರು ಆಗಲೇ ಆಕ್ಷೇಪಿಸಿದರು. 2016ರ ಜನವರಿಯಲ್ಲಿ ವ್ಯಾಟಿಕನ್ನಿನಿಂದ ಹೊರಬಿದ್ದ ಆಜ್ಞಾಪತ್ರ ‘ಪುರುಷರು’ ಎಂಬುದನ್ನು ತೆಗೆದು ‘ದೇವಜನರಿಂದ ಆಯ್ದವರು’ ಎಂದು ತಿದ್ದಿತು. ಅದೇ ವರ್ಷ ರೋಮಿನ ಸಮೀಪದ ನಿರಾಶ್ರಿತರ ಕೇಂದ್ರದಲ್ಲಿ ಅವರು ಪಾದ ತೊಳೆದವರಲ್ಲಿ ಎರಿಟ್ರಿಯದ ಕಾಪ್ಟಿಕ್ ಹೆಂಗಸರೂ ಭಾರತದ ಒಬ್ಬ ಹಿಂದೂವೂ ಇದ್ದರು. 2024ರಲ್ಲಿ ಗಾಲಿಕುರ್ಚಿಯಲ್ಲಿ ಕುಳಿತೇ ಮಹಿಳಾ ಸೆರೆಮನೆಯ ಹನ್ನೆರಡು ಹೆಂಗಸರ ಪಾದ ತೊಳೆದರು.

ಯೇಸುಸ್ವಾಮಿ ತೊಳೆದದ್ದು ಶಿಷ್ಯರ ಪಾದಗಳನ್ನು, ಅದೇ ರಾತ್ರಿ ಯಾಜಕತ್ವ (ಗಂಡಸರಿಗೇ ಮೀಸಲಾದ ಗುರುಪಟ್ಟ) ಸ್ಥಾಪನೆಯಾಯಿತು, ಆದ್ದರಿಂದ ಗಂಡಸರೇ ಕೂರಬೇಕು ಎಂಬ ವಾದವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ ಈ ಪ್ರಸಂಗವನ್ನು ಹೇಳುವ ಯೊವಾನ್ನರ ಶುಭಸಂದೇಶದಲ್ಲೇ ಒಂದು ಅಧ್ಯಾಯ ಹಿಂದಕ್ಕೆ ಹೋದರೆ, ಪಾಸ್ಕ ಹಬ್ಬಕ್ಕೆ ಆರು ದಿನ ಮುಂಚೆ ಬೆಥಾನಿಯದ ಮರಿಯ ಯೇಸುವಿನ ಪಾದಗಳಿಗೆ ಸುಗಂಧತೈಲ ಹಚ್ಚಿ ತನ್ನ ಕೂದಲಿನಿಂದ ಒರೆಸುತ್ತಾಳೆ. ತಿಮೊಥೇಯನಿಗೆ ಬರೆದ ಮೊದಲ ಪತ್ರವಂತೂ ಪಾದ ತೊಳೆಯುವುದನ್ನು ವಿಧವೆಯರ ಸತ್ಕಾರ್ಯಗಳ ಸಾಲಿನಲ್ಲಿ ಸೇರಿಸುತ್ತದೆ. ಹೆಂಗಸರು ತೊಳೆಯುವಾಗ ಯಾರಿಗೂ ತೊಡಕಾಗಲಿಲ್ಲ. ಅವರ ಪಾದವನ್ನು ಇನ್ನೊಬ್ಬರು ತೊಳೆಯಬಹುದೇ ಎಂದಾಗ ಮಾತ್ರ ದೇವಶಾಸ್ತ್ರ ನೆನಪಾಗುತ್ತದೆ.

ಈ ತಿದ್ದುಪಡಿ ರೋಮಿನ ಪೂಜಾಪದ್ಧತಿಯನ್ನು ಅನುಸರಿಸುವ ಲ್ಯಾಟಿನ್ ಸಂಪ್ರದಾಯಕ್ಕೆ ಮಾತ್ರ ಅನ್ವಯಿಸುತ್ತದೆ. ಕೇರಳ ಮೂಲದ, ತನ್ನದೇ ಪೂಜಾಪದ್ಧತಿಯಿರುವ ಸಿರೋ-ಮಲಬಾರ್ ಕಥೋಲಿಕ ಧರ್ಮಸಭೆ 2017ರಲ್ಲಿ ಗಂಡಸರ ಮತ್ತು ಗಂಡುಮಕ್ಕಳ ಪಾದಗಳನ್ನೇ ತೊಳೆಯುವ ರೂಢಿಯನ್ನು ಮುಂದುವರಿಸಲು ಸೂಚಿಸಿತು. ಬೆಳ್ತಂಗಡಿ, ಭದ್ರಾವತಿ, ಮಂಡ್ಯಗಳಲ್ಲಿ ಅವರ ಧರ್ಮಕ್ಷೇತ್ರಗಳು (ಬಿಷಪರ ಆಡಳಿತ ವ್ಯಾಪ್ತಿಗಳು) ಇರುವುದರಿಂದ ನಮ್ಮ ರಾಜ್ಯದಲ್ಲೇ ಒಂದೇ ಸಂಜೆ, ಒಬ್ಬರೇ ಪೋಪರನ್ನು ಒಪ್ಪುವ ಎರಡು ಚರ್ಚುಗಳಲ್ಲಿ ಎರಡು ಪದ್ಧತಿ ಕಾಣಬಹುದು.

ನಮ್ಮ ಧರ್ಮಕೇಂದ್ರದಲ್ಲಿ ಮೊದಲ ಬಾರಿ ಹೆಂಗಸರನ್ನು ಕರೆದಾಗ ದೊಡ್ಡಮ್ಮ ಒಪ್ಪಲಿಲ್ಲ. “ಸ್ವಾಮಿಯೋರ ಕೈಲಿ ಕಾಲು ಮುಟ್ಟಿಸ್ಕೊಳ್ಳೋದಾ? ನನ್ ಕೈಲಾಗಲ್ಲಪ್ಪ!” ಎಂದುಬಿಟ್ಟರು. ಹೆಣ್ಣೆಂಬ ಸಂಕೋಚಕ್ಕಿಂತ ಹಿರಿಯರು ಕಾಲು ಮುಟ್ಟಬಾರದೆಂಬ ನಮ್ಮ ನೆಲದ ಮರ್ಯಾದೆಯೇ ಅಲ್ಲಿ ಮುಂದಿತ್ತು, ಯೇಸುವಿಗೆ ತನ್ನ ಪಾದ ತೊಳೆಯಲು ಬಿಡಲಾರೆನೆಂದ ಶಿಷ್ಯ ಪೇತ್ರನ ತಕರಾರೂ ಹೆಚ್ಚುಕಡಿಮೆ ಇದೇ. ಕೊನೆಗೆ ಕೂತವರು ಸೀರೆಯ ಅಂಚನ್ನು ಕಣಕಾಲಿನವರೆಗೆ ಎತ್ತಿ ಹಿಡಿದು, ಬಲಗಾಲನ್ನು ಸ್ಟೀಲ್ ಬೋಗುಣಿಯ ಮೇಲೆ ಚಾಚಿ, ನೀರು ಕಾಲುಂಗುರದ ಮೇಲೆ ಬಿದ್ದೊಡನೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಟವೆಲ್ ಹಿಡಿದ ಹುಡುಗ ಕಕ್ಕಾಬಿಕ್ಕಿಯಾಗಿ ಗುರುಗಳ ಮುಖ ನೋಡುತ್ತಿದ್ದ.

ನನ್ನ ತಕರಾರು ಆ ಕುರ್ಚಿಗಳ ಲೆಕ್ಕದ ಬಗ್ಗೆ. ಕುರ್ಚಿಗಳು ಹನ್ನೆರಡೇ ಇರುವವರೆಗೆ ನೋಡುವವರ ಕಣ್ಣಿಗೆ ಅಲ್ಲಿ ಕೂತವರು ಪ್ರೇಷಿತರ, ಅಂದರೆ ಯೇಸುವಿನ ಹನ್ನೆರಡು ಶಿಷ್ಯರ, ಪಾತ್ರಧಾರಿಗಳು, ಹೆಂಗಸರು ಆ ನಾಟಕದಲ್ಲಿ ಇನ್ಯಾರದೋ ವೇಷ ಕಟ್ಟಿದವರು. ಹಾಗಾಗಿಯೇ ಆರು ಗಂಡು, ಆರು ಹೆಣ್ಣು ಎಂಬ ಹಂಚಿಕೆ ಹುಟ್ಟುತ್ತದೆ. ಬಳಿಕ ಪ್ರತಿ ಸಂಘಕ್ಕೊಂದು, ಪ್ರತಿ ವಾರ್ಡಿಗೊಂದು ಕುರ್ಚಿ ಬೇಕೆಂಬ ಬೇಡಿಕೆ ಬಂದು, ಸೇವೆಯ ವಿಧಿ ಸನ್ಮಾನವಾಗಿ ತಿರುಗುತ್ತದೆ. 2016ರ ಆಜ್ಞಾಪತ್ರ ಕೇಳಿದ್ದು ಒಂದು ಸಣ್ಣ ಗುಂಪನ್ನು: ಗಂಡಸರು, ಹೆಂಗಸರು, ಎಳೆಯರು, ಮುದುಕರು, ಆರೋಗ್ಯವಂತರು, ರೋಗಿಗಳು. ಅದರಲ್ಲಿ ಸಂಖ್ಯೆಯ ಮಾತೇ ಇಲ್ಲ. ಏಳು ಮಂದಿಯನ್ನೋ ಒಂಬತ್ತು ಮಂದಿಯನ್ನೋ ಕೂರಿಸಿದರೆ ಯಾವ ನಿಯಮವೂ ಮುರಿಯುವುದಿಲ್ಲ. ಪಾಲನಾ ಸಮಿತಿಯಲ್ಲಿ ಇದನ್ನು ಹೇಳಿದಾಗ ಹೆಂಗಸರ ವಿಷಯದಲ್ಲಿ ಸುಮ್ಮನಿದ್ದ ಹಿರಿಯರೊಬ್ಬರು ಮೊದಲ ಬಾರಿಗೆ ಎದ್ದು ನಿಂತು, ಹನ್ನೆರಡನ್ನು ಮಾತ್ರ ಮುಟ್ಟಬೇಡಿ ಎಂದರು.