ಕರಿಯನಿಗೆ ಲೈಮ್ ಪಾಸಿಟಿವ್ ಅಂತೆ

ನಮ್ಮ ಕರಿಯ ಲ್ಯಾಬ್ರಡಾರ್. ಈ ವರ್ಷದ ರಕ್ತ ಪರೀಕ್ಷೆಯಲ್ಲಿ ಅವನಿಗೆ ಲೈಮ್ ಅನ್ನೋ, ಉಣುಗು ಕಚ್ಚಿ ಬರುವ ಕಾಯಿಲೆಗೆ ಪಾಸಿಟಿವ್ ಬಂದಿದೆ. ನಾವಿರುವುದು ಅಮೆರಿಕದ ಕನೆಕ್ಟಿಕಟ್‌ನಲ್ಲಿ. ಕಾಯಿಲೆಗೆ ಹೆಸರು ಕೊಟ್ಟ ಲೈಮ್ ಊರು ಇದೇ ರಾಜ್ಯದ್ದು. ಮನೆ ಹಿಂದೆ ಕಾಡು, ದಿನಾ ಉಣುಗು ಹೊತ್ತ ಜಿಂಕೆ. ಇನ್ನೇನು ಬರಬೇಕಿತ್ತು, ಅಲ್ವಾ?

"ಉಣುಗು ಕಚ್ಚಿದ್ದಾ? ಮಂಗನ ಕಾಯಿಲೆ ಥರಾನಾ?" ಅಂತ ಸಾಗರದಿಂದ ಅಮ್ಮ ಕೇಳಿದಳು. ಉಣುಗಿನಿಂದಲೇ ಬರೋದು ಹೌದು. ಆದರೆ ಅದು ವೈರಸ್, ಇದು ಬೊರೇಲಿಯಾ ಅನ್ನೋ ಬ್ಯಾಕ್ಟೀರಿಯಾ.

ಕರಿಯ ಕುಂಟುತ್ತಿಲ್ಲ, ಜ್ವರವಿಲ್ಲ, ತಟ್ಟೆ ನೆಕ್ಕಿ ಖಾಲಿ ಮಾಡುತ್ತಾನೆ. ಹೀಗೆ ಪಾಸಿಟಿವ್ ಬರುವ ನಾಯಿಗಳಲ್ಲಿ ಹೆಚ್ಚಿನವಕ್ಕೆ ಏನೂ ಆಗುವುದಿಲ್ಲವಂತೆ. ಪರೀಕ್ಷೆ ಹುಡುಕುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ನಾಯಿಯ ದೇಹ ಮಾಡಿಕೊಂಡ ಪ್ರತಿಕಾಯಗಳನ್ನು. ಬೊರೇಲಿಯಾ ತನ್ನ ಮೈಮೇಲಿನ ವಿಎಲ್‌ಎಸ್‌ಇ ಅನ್ನೋ ಪ್ರೋಟೀನನ್ನು ಆಗಾಗ ಬದಲಿಸುತ್ತಾ ಇರುತ್ತದೆ. ಪ್ರತಿಕಾಯ ತಯಾರಾಗುವಷ್ಟರಲ್ಲಿ ವೇಷ ಬೇರೆ! ಹಾಗಾಗಿ ಪ್ರತಿಕಾಯ ಎಷ್ಟಿದ್ದರೂ ಅದು ಪೂರ್ತಿ ಸಾಯದೆ ಉಳಿಯಬಲ್ಲದು. ಆ ಪ್ರೋಟೀನಿನಲ್ಲಿ ಬದಲಾಗದ ಒಂದು ತುಣುಕಿದೆ. ಸಿ6 ಅನ್ನೋ ರಕ್ತ ಪರೀಕ್ಷೆ ಹಿಡಿಯುವುದು ಅದರ ವಿರುದ್ಧದ ಪ್ರತಿಕಾಯವನ್ನೇ. ಕಚ್ಚಿಸಿಕೊಂಡ ಮೂರರಿಂದ ಐದು ವಾರಕ್ಕೆ ಅದು ರಕ್ತದಲ್ಲಿ ಕಾಣಿಸುತ್ತದೆ.

ಈ ಬ್ಯಾಕ್ಟೀರಿಯಾ ಯಾವ ವಿಷವನ್ನೂ ಬಿಡುವುದಿಲ್ಲ ಅಂತ ಓದಿ ನನಗೆ ಆಶ್ಚರ್ಯವಾಯಿತು. ಕೀಲು ಊದುವುದು, ನಾಯಿ ಇವತ್ತು ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಎತ್ತಿಕೊಂಡು ಕುಂಟುವುದು, ಎಲ್ಲ ನಾಯಿಯದೇ ಬಿಳಿ ರಕ್ತಕಣಗಳು ಕೀಲಿಗೆ ನುಗ್ಗಿ ಮಾಡುವ ಗಲಾಟೆ. ಅದಕ್ಕಾದರೆ ಡಾಕ್ಸಿಸೈಕ್ಲಿನ್ ಅನ್ನೋ ಆ್ಯಂಟಿಬಯೋಟಿಕ್ ಇದೆ, ಸಾಮಾನ್ಯವಾಗಿ ಬೇಗ ಗುಣ ಕಾಣುತ್ತದೆ. ನನಗೆ ಹೆದರಿಕೆ ಇರುವುದು ಕಿಡ್ನಿಯದ್ದು. ಪ್ರತಿಕಾಯ ಮತ್ತು ಬ್ಯಾಕ್ಟೀರಿಯಾದ ತುಣುಕುಗಳು ಅಂಟಿಕೊಂಡು ಕಿಡ್ನಿಯ ಸೋಸುವ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಆಗ ಪ್ರೋಟೀನ್ ಮೂತ್ರದಲ್ಲಿ ಸೋರಲು ಶುರು. ಅಪರೂಪ, ಆದರೆ ಬಂದರೆ ನಾಯಿ ಉಳಿಯುವುದು ಕಷ್ಟ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್‌ಗಳಲ್ಲೇ ಜಾಸ್ತಿ ಬೇರೆ.

ಅದಕ್ಕೇ ನಮ್ಮ ಡಾಕ್ಟರಮ್ಮ ಮಾತ್ರೆಗಿಂತ ಮೊದಲು ಮೂತ್ರ ಕೇಳಿದರು. (ಬೆಳಗ್ಗೆ ಚಳಿಯಲ್ಲಿ ಸೌಟು ಹಿಡಿದು ನಾಯಿ ಹಿಂದೆ ಓಡುವ ಸುಖ ಅನುಭವಿಸಿದವರಿಗೇ ಗೊತ್ತು.) ಪ್ರೋಟೀನ್ ಇರಲಿಲ್ಲ. ಆರೋಗ್ಯವಾಗಿರುವ ಪಾಸಿಟಿವ್ ನಾಯಿಗೆ ಔಷಧಿ ಕೊಡಬೇಕೋ ಬೇಡವೋ ಅನ್ನುವುದರಲ್ಲಿ ಪಶುವೈದ್ಯರಲ್ಲೇ ಒಮ್ಮತವಿಲ್ಲ. ನಮ್ಮವರು ಬೇಡ ಅಂದರು, ನನಗೂ ಅದೇ ಸರಿ ಅನ್ನಿಸಿತು. ಸುಮ್ನೆ ಯಾಕೆ ಆ್ಯಂಟಿಬಯೋಟಿಕ್?

ಲಸಿಕೆಯ ಕತೆ ಇನ್ನೂ ಮಜಾ. ಉಣುಗಿನ ಹೊಟ್ಟೆಯಲ್ಲಿರುವಾಗ ಬೊರೇಲಿಯಾ ಓಎಸ್‌ಪಿಎ ಅನ್ನೋ ಪ್ರೋಟೀನ್ ಹೊದ್ದಿರುತ್ತದೆ. ಲಸಿಕೆ ಹಾಕಿಸಿಕೊಂಡ ನಾಯಿಯ ರಕ್ತ ಹೀರಿದರೆ ಆ ಪ್ರೋಟೀನಿನ ವಿರುದ್ಧದ ಪ್ರತಿಕಾಯಗಳೂ ಉಣುಗಿನ ಹೊಟ್ಟೆ ಸೇರಿ ಬೊರೇಲಿಯಾವನ್ನು ಅಲ್ಲೇ ಮುಗಿಸುತ್ತವೆ. ನಾಯಿಯ ಮೈಗೆ ಬರುವ ಮೊದಲೇ! ಬ್ಯಾಕ್ಟೀರಿಯಾ ದಾಟಲು ಉಣುಗು ಸಾಮಾನ್ಯವಾಗಿ ಒಂದೆರಡು ದಿನ ಕಚ್ಚಿಕೊಂಡಿರಬೇಕು. ಒಮ್ಮೆ ಬಂದುಹೋದದ್ದು ಮತ್ತೆ ಬರಬಹುದು. ಆದ್ದರಿಂದ ಕರಿಯನ ಕಿವಿ, ಕಂಕುಳು, ಬೆರಳ ಸಂದು ತಡಕುವ ಕೆಲಸ ದಿನಾ ಸಂಜೆ ಇದ್ದೇ ಇದೆ. ಅಕ್ಟೋಬರ್‌ನಲ್ಲಿ ಚಳಿ ಬಂತು ಅಂತ ಬಿಡುವ ಹಾಗಿಲ್ಲ. ಪೂರ್ತಿ ಬೆಳೆದ ದೊಡ್ಡ ಉಣುಗುಗಳ ಕಾಟ ಇಲ್ಲಿ ಆಗಲೇ ಜೋರು.